ಮುದ್ರಿತ ಅಂಗಾಂಶದ ಸುದ್ದಿಯಲ್ಲಿ ದಪ್ಪ, ದಿನ, ದಾನಿಗಳ ಲೆಕ್ಕವೂ ಇರಲಿ

ಮಾನ್ಯ ಸಂಪಾದಕರೇ,

ಜೀವಕೋಶ ಬೆರೆಸಿದ ಜೆಲ್ ಅನ್ನು ಪದರಪದರವಾಗಿ ಹಚ್ಚಿ ಮಾನವ ಅಂಗಾಂಶ ಮುದ್ರಿಸುವ ಕಂಪನಿಗಳ ಸುದ್ದಿ ಬಂದಾಗಲೆಲ್ಲ ‘ಯಕೃತ್ತು ಮುದ್ರಿಸಿದರು’, ‘ಇನ್ನು ಅಂಗದಾನಿಗಾಗಿ ಕಾಯಬೇಕಿಲ್ಲ’ ಎಂಬ ಧಾಟಿಯ ತಲೆಬರಹ ಕಾಣುತ್ತದೆ. ಕಸಿಗಾಗಿ ಕಾಯುತ್ತಿರುವ ಮನೆಗಳಲ್ಲಿ ಇದು ಹುಟ್ಟಿಸುವ ಆಸೆ ಸಣ್ಣದಲ್ಲ. ಹಾಗಾಗಿ ಮುದ್ರಿಸಿದ್ದು ಇಡೀ ಅಂಗವೋ ಅಂಗಾಂಶದ ತುಣುಕೋ ಎಂಬುದು ಸುದ್ದಿಯ ಮೊದಲ ಸಾಲಿನಲ್ಲೇ ಇರಬೇಕು.

ಅಮೆರಿಕದ ಸ್ಯಾನ್ ಡಿಯೇಗೊದ ಆರ್ಗನೊವೊ ಕಂಪನಿಯನ್ನೇ ನೋಡಿ. 2007ರಲ್ಲಿ ಹುಟ್ಟಿದ ಅದು 2014ರ ನವೆಂಬರ್‌ನಲ್ಲಿ ‘ಎಕ್ಸ್‌ವೈವ್3ಡಿ’ ಎಂಬ ಯಕೃತ್ತಿನ ಅಂಗಾಂಶವನ್ನು ಮಾರುಕಟ್ಟೆಗೆ ತಂದಿತು. ದಪ್ಪ ಸುಮಾರು ಅರ್ಧ ಮಿಲಿಮೀಟರ್. ಹೊಸ ಔಷಧ ಯಕೃತ್ತಿಗೆ ವಿಷವಾಗುತ್ತದೆಯೇ ಎಂದು ಪರೀಕ್ಷಿಸುವುದಕ್ಕೆ ಮಾಡಿದ್ದು ಅದು. ಈ ಉಪಯೋಗವೂ ಸಾಮಾನ್ಯದ್ದಲ್ಲ. ತಟ್ಟೆಯ ತಳದಲ್ಲಿ ಒಂದೇ ಪದರವಾಗಿ ಬೆಳೆಸಿದ ಯಕೃತ್ತಿನ ಕೋಶಗಳು ಕೆಲವೇ ದಿನಗಳಲ್ಲಿ ತಮ್ಮ ಕಸುಬು ಕಳೆದುಕೊಳ್ಳುತ್ತವೆ. ಈ ಮುದ್ರಿತ ತುಣುಕು ಯಕೃತ್ತು ರಕ್ತಕ್ಕೆ ಒದಗಿಸುವ ಆಲ್ಬುಮಿನ್ ಎಂಬ ಪ್ರೋಟೀನನ್ನು ನಾಲ್ಕು ವಾರ ತಯಾರಿಸುತ್ತಿತ್ತು. ಒಂದೆರಡು ದಿನದ ಪರೀಕ್ಷೆಗೆ ಸಿಗದ ನಿಧಾನ ವಿಷ ಇಷ್ಟು ಕಾಲಾವಕಾಶವಿದ್ದರೆ ಸಿಕ್ಕಿಬೀಳಬಹುದು.

ಅರ್ಧ ಮಿಲಿಮೀಟರಿಗೇ ಯಾಕೆ ನಿಲ್ಲುತ್ತದೆ? ಆಮ್ಲಜನಕ ರಕ್ತನಾಳದಿಂದ ತಾನಾಗಿ ಹರಡಿಕೊಂಡು ತಲುಪುವ ದೂರ ಸುಮಾರು 100ರಿಂದ 200 ಮೈಕ್ರಾನ್ (ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್). ಅದರಾಚೆಯ ಕೋಶ ಉಸಿರುಗಟ್ಟಿ ಸಾಯುತ್ತದೆ. 2022ರಲ್ಲಿ ಸುದ್ದಿಯಾದ ಮುದ್ರಿತ ಕಿವಿಯಲ್ಲಿ ಈ ತೊಡಕು ಕಡಿಮೆ, ಏಕೆಂದರೆ ಮೃದ್ವಸ್ಥಿಗೆ ಸ್ವಂತ ರಕ್ತನಾಳಗಳಿಲ್ಲ, ಅದರ ಕೋಶಗಳಿಗೆ ಬೇಕಾದ ಆಮ್ಲಜನಕವೂ ಅತ್ಯಲ್ಪ. ಕಿವಿಯಾಯಿತು, ಮುಂದೆ ಮೂತ್ರಪಿಂಡ ಎಂಬ ಲೆಕ್ಕಾಚಾರ ಅದಕ್ಕೇ ತಪ್ಪು. ನಾಳ ಮೂಡಿಸುವ ಯತ್ನಗಳಿವೆ: ಪ್ಲುರಾನಿಕ್ ಎಂಬ ಪಾಲಿಮರಿನ ಗೆರೆಗಳನ್ನು ಜೆಲ್ ಒಳಗೆ ಮುದ್ರಿಸಿ, ಆಮೇಲೆ ತಣ್ಣಗಾಗಿಸಿದರೆ ಅದು ನೀರಾಗಿ ಹರಿದುಹೋಗುತ್ತದೆ, ಉಳಿದ ಸುರಂಗಕ್ಕೆ ನಾಳದ ಒಳಪದರದ ಕೋಶಗಳನ್ನು ತುಂಬುತ್ತಾರೆ. ದೊಡ್ಡ ಸುರಂಗ ಹೀಗೆ ಸಿಗುತ್ತದೆ. ಹತ್ತು ಮೈಕ್ರಾನ್ ಆಸುಪಾಸಿನ ಲೋಮನಾಳಗಳನ್ನು ಕೋಶಗಳೇ ಹೆಣೆದುಕೊಳ್ಳಬೇಕು.

ಮುದ್ರಣದ ಹೊತ್ತಿನಲ್ಲೇ ಕೆಡುವುದು ಬೇಕಾದಷ್ಟಿದೆ. ಜೆಲಾಟಿನ್ ಆಧಾರಿತ ಬಯೋಇಂಕ್‌ಗೆ (ಕೋಶ ಬೆರೆಸಿದ ಮುದ್ರಣದ ಜೆಲ್‌ಗೆ) ಎರಡು ಮೂರು ಡಿಗ್ರಿ ಉಷ್ಣಾಂಶವೂ ದೊಡ್ಡ ವ್ಯತ್ಯಾಸ: ತಣ್ಣಗಾದರೆ ಗಂಟುಕಟ್ಟಿ ನಳಿಕೆ ಕಟ್ಟಿಕೊಳ್ಳುತ್ತದೆ, ಬಿಸಿಯಾದರೆ ಗೆರೆ ನಿಲ್ಲದೆ ಹರಡುತ್ತದೆ. 27 ಗೇಜ್ ಸೂಜಿಯ ಒಳವ್ಯಾಸ ಸುಮಾರು 0.2 ಮಿಲಿಮೀಟರ್. ಗೆರೆ ಚೂಪಾಗಿ ಬರುತ್ತದೆ, ಆದರೆ ಒತ್ತಡ ಏರಿಸಬೇಕಾಗುತ್ತದೆ, ಗೋಡೆಗೆ ಉಜ್ಜಿಕೊಂಡು ಸಾಗುವ ಕೋಶಗಳ ಪೊರೆ ಹರಿಯುತ್ತದೆ. ಶಂಕುವಿನಾಕಾರದ ತುದಿಯಲ್ಲಿ ಕಿರಿದಾದ ಭಾಗದ ಉದ್ದ ಕಡಿಮೆಯಿರುವುದರಿಂದ ಅಷ್ಟು ಒತ್ತಡ ಬೇಡ. ಇಂಕ್ ತೆಳುವಾಗಿದ್ದು ಮುದ್ರಣ ಲಂಬಿಸಿದರೆ ಕೋಶಗಳು ಸಿರಿಂಜಿನ ಕೆಳಗೆ ಕೂರುತ್ತವೆ. ಮೊದಲ ತುಣುಕಿನಲ್ಲಿ ಕಿಕ್ಕಿರಿದಿದ್ದು, ಕೊನೆಯದರಲ್ಲಿ ವಿರಳವಾಗುತ್ತವೆ. ಸಣ್ಣ ಸಣ್ಣ ಪ್ರಮಾಣದಲ್ಲಿ ತುಂಬಿಕೊಳ್ಳುವುದು ಸರಳ ಪರಿಹಾರ. ಕಡಲಕಳೆಯಿಂದ ತೆಗೆಯುವ ಆಲ್ಜಿನೇಟ್ ಎಂಬ ಜೆಲ್ ಬಳಸಿದರೆ ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣದಲ್ಲಿ ಕೂಡಲೇ ಗಟ್ಟಿಯಾಗುತ್ತದೆ ನಿಜ. ಆದರೆ ಪೋಷಕ ದ್ರವದಲ್ಲಿ ಕ್ಯಾಲ್ಸಿಯಂ ಸೋರಿ ದಿನಕಳೆದಂತೆ ಮೆತ್ತಗಾಗುತ್ತದೆ. ಬರಿಯ ಆಲ್ಜಿನೇಟಿನಲ್ಲಿ ಕೋಶಗಳಿಗೆ ಅಂಟಿಕೊಳ್ಳಲು ಹಿಡಿತವೂ ಸಿಗದು.

ಕಂಪನಿಗಳು ಹೇಳುವ ‘ಶೇ 90ಕ್ಕಿಂತ ಹೆಚ್ಚು ಕೋಶಗಳು ಜೀವಂತ’ ಎಂಬ ಮಾತನ್ನು ಯಾವ ಗಂಟೆಯಲ್ಲಿ ಅಳೆದದ್ದು ಎಂದು ಕೇಳದೆ ಅಚ್ಚುಹಾಕಬಾರದು. ಒತ್ತಡದಿಂದ ನಲುಗಿದ ಕೋಶ ಕೂಡಲೇ ಸಾಯುವುದಿಲ್ಲ. ಮುದ್ರಣ ಮುಗಿದೊಡನೆ ಬಣ್ಣ ಹಾಕಿ ನೋಡಿದರೆ ಜೀವಂತವಾಗಿಯೇ ಕಂಡು ಮರುದಿನ ಸತ್ತಿರುತ್ತದೆ. ಒಂದು ದಿನದ, ಒಂದು ವಾರದ ಅಳತೆ ಬೇಕು. ಬದುಕಿದ್ದರೂ ಸಾಲದು, ಯಕೃತ್ತಿನ ಕೋಶವಾದರೆ ಆಲ್ಬುಮಿನ್, ಯೂರಿಯಾ ತಯಾರಿಸಬೇಕು, ಔಷಧ ಒಡೆಯುವ ಸಿವೈಪಿ3ಎ4 ಕಿಣ್ವ ಚುರುಕಾಗಿರಬೇಕು.

ಆರ್ಗನೊವೊ ಕಸಿಯ ದಾರಿಯನ್ನೂ ಹಿಡಿದಿತ್ತು. ಯಕೃತ್ತಿನ ತೇಪೆಯ ಆ ಯೋಜನೆಯನ್ನು 2019ರಲ್ಲಿ ಕೈಬಿಟ್ಟಿತು. ಅಂಗಾಂಶದ ಕೆಲಸದಲ್ಲಿ ಏರುಪೇರು, ಪ್ರಯೋಜನ ಎಷ್ಟು ಕಾಲ ಉಳಿದೀತು ಎಂಬ ಅನಿಶ್ಚಿತತೆ ಅದು ತಾನೇ ಕೊಟ್ಟ ಕಾರಣಗಳಲ್ಲಿ ಸೇರಿದ್ದವು. ಇಂಥ ಹಿನ್ನಡೆಯೂ ಆರಂಭದ ಸುದ್ದಿಯಷ್ಟೇ ಜಾಗಕ್ಕೆ ಅರ್ಹ.

ಮುಂದೆ ಇಂಥ ವರದಿ ಪ್ರಕಟಿಸುವಾಗ ತುಣುಕಿನ ದಪ್ಪವೆಷ್ಟು, ಎಷ್ಟು ದಿನ ಕೆಲಸ ಮಾಡಿತು, ಯಾವ ಅಳತೆಯಲ್ಲಿ ಎಂಬುದನ್ನು ಕಂಪನಿಯಿಂದಲೇ ಕೇಳಿ ಬರೆಯಬೇಕೆಂದು ಕೋರುತ್ತೇವೆ. ಕೋಶಗಳು ಎಷ್ಟು ದಾನಿಗಳಿಂದ ಬಂದವು ಎಂಬುದನ್ನೂ ಬಿಡಬೇಡಿ: ಔಷಧ ಒಡೆಯುವ ಶಕ್ತಿ ವ್ಯಕ್ತಿಯಿಂದ ವ್ಯಕ್ತಿಗೆ ಹಲವು ಪಟ್ಟು ಬದಲಾಗುವುದರಿಂದ, ಒಬ್ಬನೇ ದಾನಿಯ ಕೋಶಗಳಲ್ಲಿ ಸುರಕ್ಷಿತವೆಂದು ಕಂಡ ಔಷಧ ಇನ್ನೊಬ್ಬರ ಯಕೃತ್ತಿಗೆ ವಿಷವಾಗಬಲ್ಲದು.

— ಜೀವಕೋಶ ಕಲ್ಚರ್ ಕ್ಷೇತ್ರದ ಓದುಗರು