ಮಂಗಳವಾರವೋ ಬುಧವಾರವೋ

ಚಿರಂಜೀವಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರ ಬಂತು. ಮಕ್ಕಳ ಸುದ್ದಿ, ಹೊಸ ಮನೆ, ಎಲ್ಲ ಓದಿ ಸಂತೋಷವಾಯಿತು. ನೀನು ಅಪ್ಪನ ಶ್ರಾದ್ಧ ಬುಧವಾರ ಮಾಡಿದ ಮೇಲೆ, ಅಲ್ಲಿ ತಿಥಿ ಮಂಗಳವಾರವೇ ಇತ್ತು ಅಂತ ನಿನ್ನ ಸ್ನೇಹಿತ ಹೇಳಿದನಂತೆ. ಆದರೆ ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, "ಅಪ್ಪ ಮಂಗಳವಾರ ಬಂದು, ಎಲೆ ಹಾಕಿಲ್ಲ ಅಂತ ಹಸಿದು ವಾಪಸ್ ಹೋಗಿರಬಹುದಾ?" ಅಂತ. ಅದನ್ನು ಓದಿದ ಮೇಲೆ ರಾತ್ರಿ ನಿದ್ದೆ ಹತ್ತಲಿಲ್ಲ.

ಬೆಳಗ್ಗೆ ಎದ್ದು ಪಂಚಾಂಗ ತೆಗೆದೆ. ನಿನ್ನ ಅಪ್ಪನ ತಿಥಿ ಮಾಘ ಬಹುಳ ನವಮಿ. ಮಂಗಳವಾರದ ಸಾಲಿನಲ್ಲಿ ಅಷ್ಟಮಿಯ ಎದುರು 26 ಘಟಿ ಅಂತಿದೆ. ಘಟಿಗೆ 24 ನಿಮಿಷ. ಅಂದರೆ ಸೂರ್ಯ ಹುಟ್ಟಿ 10 ಗಂಟೆ 24 ನಿಮಿಷಕ್ಕೆ, ಸಂಜೆ 5ರ ಹೊತ್ತಿಗೆ ನವಮಿ ಶುರು. ಬುಧವಾರ ಸಂಜೆ 4ರವರೆಗೂ ಅದೇ. ಶ್ರಾದ್ಧಕ್ಕೆ ಅಪರಾಹ್ನದಲ್ಲಿ ಇರುವ ತಿಥಿ ಬೇಕು. ಹಗಲನ್ನು ಐದು ಪಾಲು ಮಾಡಿದರೆ ನಾಲ್ಕನೆಯದು ಅಪರಾಹ್ನ. ಹಾಗಾಗಿ ಇಲ್ಲಿ ಬುಧವಾರವೇ ಸರಿ. ನೀನು ಬೆಂಗಳೂರಿನ ಕ್ಯಾಲೆಂಡರ್ ನೋಡಿ ಬುಧವಾರ ಎಲೆ ಹಾಕಿದೆ.

ಆದರೆ ತಿಥಿ ಅಂದರೆ ಸೂರ್ಯನಿಂದ ಚಂದ್ರ 12 ಡಿಗ್ರಿ ದೂರ ಸರಿಯುವಷ್ಟು ಹೊತ್ತು. ಅದು ಶುರುವಾಗುವ ಗಳಿಗೆ ಇಡೀ ಭೂಮಿಗೆ ಒಂದೇ. ನಮ್ಮ ಸಂಜೆ 5 ಗಂಟೆ ನಿನ್ನ ಕ್ಯಾಲಿಫೋರ್ನಿಯಾದಲ್ಲಿ ಅದೇ ಮಂಗಳವಾರ ಬೆಳಗಿನ ಜಾವ ಮೂರೂವರೆ. ಬುಧವಾರ ಬೆಳಗಿನ ಜಾವ ಎರಡೂವರೆಗೆಲ್ಲ ಅಲ್ಲಿ ನವಮಿ ಮುಗಿದೇ ಹೋಯಿತು. ನಿಮ್ಮೂರಿನ ಅಪರಾಹ್ನಕ್ಕೆ ನವಮಿ ಸಿಕ್ಕಿದ್ದು ಮಂಗಳವಾರವೇ. ನಿನ್ನ ಸ್ನೇಹಿತ ಹೇಳಿದ್ದು ಸುಳ್ಳಲ್ಲ. ಸುಮ್ನೆ ಸಮಾಧಾನಕ್ಕೆ ಏನೋ ಒಂದು ಹೇಳೋದು ನನಗೆ ಬರೋದಿಲ್ಲ.

ಹಾಗಂತ ಅವನು ಹಸಿದು ಹೋದನಾ? ನಿನ್ನ ಅಪ್ಪ? ಹಸಿವಾದರೆ ಯಾರನ್ನೂ ಕೇಳದೆ ಅಡುಗೆಮನೆಗೆ ನುಗ್ಗಿ ಡಬ್ಬಿ ಮುಚ್ಚಳ ತೆಗೆಯುತ್ತಿದ್ದವನು ಅವನು.

ನನಗೂ ಈ ಭಯ ಹೊಸದಲ್ಲ ಕಣೋ. ನಮ್ಮಪ್ಪನ ತಿಥಿಯ ಗಲಾಟೆ ನಿನಗೆ ಗೊತ್ತೇ ಇದೆ, ಅದನ್ನೆಲ್ಲ ಮತ್ತೆ ಬರೆಯೋದಿಲ್ಲ. ಎಷ್ಟು ಸಣ್ಣದರಿಂದ ಶುರುವಾಯಿತು ಅನ್ನೋದು ಮಾತ್ರ ನಿನಗೆ ಯಾರೂ ಹೇಳಿರಲಿಕ್ಕಿಲ್ಲ. ದೇವರಮನೆ ಬಾಗಿಲ ಮೊಳೆಗೆ ಅಪ್ಪ ಪಂಚಾಂಗವನ್ನು ಹುರಿ ಕಟ್ಟಿ ನೇತುಹಾಕುತ್ತಿದ್ದರು. ಯುಗಾದಿಯ ದಿನ ಅದರ ಮೂಲೆಗಳಿಗೆ ಅರಿಸಿನ ಹಚ್ಚಿ, ವರ್ಷಫಲ ಓದಿ, ಆಮೇಲೆ ಬೇವುಬೆಲ್ಲ. ವರ್ಷ ಕಳೆಯುವಷ್ಟರಲ್ಲಿ ಬೆರಳಿನ ಎಣ್ಣೆ ಕುಡಿದು ಪುಟದ ಆಚೆ ಬದಿಯ ಅಕ್ಷರವೂ ಈಚೆ ಕಾಣುತ್ತಿತ್ತು. ಅದು ಸೂರ್ಯಸಿದ್ಧಾಂತ ಅನ್ನುವ ಹಳೆಯ ಗ್ರಂಥದ ಲೆಕ್ಕದ್ದು. ಅಪ್ಪ ಹೋದ ಮೇಲೆ ನಾನು ಅದನ್ನೇ ತರಿಸುತ್ತಿದ್ದೆ. ನಿನ್ನ ಅಪ್ಪ ದೃಗ್ಗಣಿತದ್ದು ತಂದ. ಚಂದ್ರ ಆಕಾಶದಲ್ಲಿ ನಿಜವಾಗಿ ಎಲ್ಲಿ ಕಾಣುತ್ತಾನೋ ಅದಕ್ಕೆ ಹೊಂದುವ ಲೆಕ್ಕ ಅದು. ಎರಡಕ್ಕೂ ತಿಥಿ ಕೆಲವು ಗಂಟೆ ಹಿಂದುಮುಂದಾಗುತ್ತದೆ. ಎಷ್ಟೋ ಸಲ ಅದರಿಂದ ತೊಂದರೆಯಿಲ್ಲ. ಆ ವರ್ಷ ಸರಿಯಾಗಿ ಅಪರಾಹ್ನದ ಅಂಚಿಗೇ ಬಂದು ಕೂತಿತು.

ದೆಹಲಿಯವರು ಈ ಗೊಂದಲ ಬಿಡಿಸಲಿಕ್ಕೆ ಅಂತಲೇ 1952ರಲ್ಲಿ ವಿಜ್ಞಾನಿ ಮೇಘನಾದ ಸಾಹಾ ಅವರ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿದ್ದರು. 1957ರ ಮಾರ್ಚ್ 22ರಿಂದ ದೇಶಕ್ಕೆಲ್ಲ ಒಂದೇ ಕ್ಯಾಲೆಂಡರ್ ಬಂತು. ನಮ್ಮ ಮನೆ ಮೊಳೆಯವರೆಗೆ ಅದು ಬರಲಿಲ್ಲ. ನಿನ್ನ ಅಪ್ಪ ಒಂದು ದಿನ ಮಾಡಿದ, ನಾನು ಮರುದಿನ.

ಆ ಸಲ ಅಪ್ಪ ಯಾರ ಮನೆಯಲ್ಲಿ ಉಂಡರು ಅಂತ ಎಷ್ಟೋ ವರ್ಷ ಯೋಚಿಸಿದ್ದೇನೆ. ನೀನು ಕೇಳಿದ ಹಾಗೇ ಅಮ್ಮನನ್ನು ಕೇಳಿಯೂ ಬಿಟ್ಟೆ. "ಎರಡು ದಿನವೂ ಉಂಡಿರ್ತಾರೆ ಬಿಡು, ಅವರಿಗೆ ವಡೆ ಅಂದ್ರೆ ಪ್ರಾಣ" ಅಂದಳು. ಅಮ್ಮ ತಮಾಷೆಗೆ ಹೇಳಿದಳೋ ನಿಜಕ್ಕೋ, ಇವತ್ತಿಗೂ ಗೊತ್ತಾಗಿಲ್ಲ. ಆಮೇಲೆ ನಾನೂ ನಿನ್ನ ಅಪ್ಪನೂ ಆ ದಿನ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣಲೇ ಇಲ್ಲ. ಪಂಚಾಂಗಗಳು ಒಪ್ಪಿದ ವರ್ಷಗಳಲ್ಲೂ ಇಲ್ಲ. ಈಗ ಅವನದೇ ತಿಥಿ ಹುಡುಕುತ್ತಾ ಕೂತಿದ್ದೇನೆ.

ನಿನಗೆ ಏನು ಹೇಳಲಿ? ನಿಮ್ಮೂರಿಗೇ ಗುಣಿಸಿದ ಪಂಚಾಂಗ ನೋಡು. ಫೋನಿನಲ್ಲೇ ಊರು ಬದಲಿಸಬಹುದಂತೆ, ನಿನಗೆ ಗೊತ್ತಿರುತ್ತದೆ. ಸಂಕಲ್ಪದಲ್ಲಿ ದೇಶವನ್ನೂ ಕಾಲವನ್ನೂ ಹೇಳಿಸುತ್ತಾರಲ್ಲ, ನಿಮ್ಮ ಕಡೆ ಅನೇಕ ಪುರೋಹಿತರು ಭಾರತವಿರುವ ಜಂಬೂದ್ವೀಪದ ಬದಲು ಕ್ರೌಂಚದ್ವೀಪ ಅನ್ನುತ್ತಾರೆ. ದ್ವೀಪ ಅಲ್ಲಿಯದು ಹೇಳಿ ಅಪರಾಹ್ನ ಇಲ್ಲಿಯದು ಹಿಡಿದರೆ ಹೊಂದೋದಿಲ್ಲ, ಅಲ್ವಾ? ಮನಸ್ಸು ಇನ್ನೂ ಕೊರೆಯುತ್ತಿದ್ದರೆ ಭಾದ್ರಪದದ ಮಹಾಲಯ ಅಮಾವಾಸ್ಯೆಗೆ ಮತ್ತೊಮ್ಮೆ ಮಾಡು. ತಿಥಿ ಗೊತ್ತಿಲ್ಲದವರಿಗೂ ತಪ್ಪಿಹೋದವರಿಗೂ ಅಂತಲೇ ಆ ದಿನ ಇದೆ. ನಿನ್ನ ಅಪ್ಪ ಹಸಿದಿದ್ದರೆ ಅವತ್ತು ಉಣ್ಣಲಿ. ಹಸಿದಿಲ್ಲದಿದ್ದರೂ ಅವನು ವಡೆ ಬೇಡ ಅನ್ನುವವನಲ್ಲ.

ಇನ್ನೊಂದು ವಿಷಯ, ಹೇಳಬಾರದೇನೋ. ಪುಣೆಯಲ್ಲಿರುವ ನಿನ್ನ ತಮ್ಮ ಇಲ್ಲಿಯ ದಿನವೇ ಮಾಡುತ್ತಾನೆ, ನಿನ್ನದು ನಿಮ್ಮೂರಿನ ದಿನ. ವಾರ ಬೇರೆ ಬಂದರೆ ಫೋನಿನಲ್ಲಿ ವಾದಕ್ಕೆ ಇಳಿಯಬೇಡಿ. ರಜೆ ಹಾಕುವ ಮುಂಚೆ ನನಗೂ ಒಂದು ಮಾತು ತಿಳಿಸು. ಘಟಿ ಲೆಕ್ಕ ಹಾಕಿ ಹೇಳುತ್ತೇನೆ, ಕಣ್ಣು ಇನ್ನೂ ಕಾಣುತ್ತದೆ.

ಇಂತಿ ನಿನ್ನ ದೊಡ್ಡಪ್ಪ