ಯಾರಿಗೂ ಹೇಳುವಂತಿಲ್ಲ ಎಂದು ಬರೆದೆಯಲ್ಲ

ಚಿರಂಜೀವಿಗೆ ನಿನ್ನ ಅತ್ತೆಯ ಆಶೀರ್ವಾದಗಳು.

ನಿನ್ನ ಪತ್ರವೂ ಅದರೊಂದಿಗೆ ಕಂಪ್ಯೂಟರಿನ ಬಿಡಿಭಾಗಗಳ ಪಟ್ಟಿಯೂ ಕೈಸೇರಿದವು. ಪಟ್ಟಿಯನ್ನು ಒಂದೆರಡು ಸಲ ನೋಡಿದೆ. ಪತ್ರದ ಕೊನೆಯ ವಾಕ್ಯವನ್ನು ಮಾತ್ರ ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. "ಒಂದು ಭಾಗ ತಪ್ಪಿದರೂ ಮತ್ತೆ ಕೊಳ್ಳಲು ನನ್ನಲ್ಲಿ ಹಣವಿಲ್ಲ, ಯಾರಿಗೂ ಹೇಳುವಂತೆಯೂ ಇಲ್ಲ" ಎಂದು ಬರೆದಿದ್ದೀಯೆ. ಹಣದ ಮಾತು ನನಗೆ ಅರ್ಥವಾಗುತ್ತದೆ, ಅದರ ಹಿನ್ನೆಲೆಯನ್ನು ನಾವಿಬ್ಬರೂ ಇಲ್ಲಿ ಬಿಡಿಸಿ ಹೇಳಬೇಕಾಗಿಲ್ಲ. ಯಾರಿಗೂ ಹೇಳುವಂತಿಲ್ಲ ಎಂಬ ಮಾತನ್ನು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಪಟ್ಟಿಯ ಕೊನೆಯಲ್ಲಿ, ಎಲ್ಲ ಭಾಗಗಳಿಗೂ ವಿದ್ಯುತ್ತು ಹಂಚುವ ಪೆಟ್ಟಿಗೆಯ ಬಗ್ಗೆ, "ಪವರ್ ಸಪ್ಲೈ ಕ್ಯಾಬಿನೆಟ್ಟಿನ ಜೊತೆಗೇ ಬರುತ್ತದೆ, ಆ ಖರ್ಚು ಉಳಿಯಿತು" ಎಂದು ಗುರುತು ಮಾಡಿಕೊಂಡಿದ್ದೀಯೆ. ನಾನು ಮೊದಲ ಸಲ ಕಂಪ್ಯೂಟರ್ ಜೋಡಿಸಿದಾಗಲೂ ಇದೇ ಮಾತು ಆಡಿದ್ದೆ. ಹಣವೆಲ್ಲ ಪ್ರೊಸೆಸರಿಗೂ, ಭಾಗಗಳನ್ನೆಲ್ಲ ಕೂಡಿಸುವ ಮದರ್‌ಬೋರ್ಡಿಗೂ ಮುಗಿದಿತ್ತು, ಕ್ಯಾಬಿನೆಟ್ಟಿನೊಳಗೆ ಪವರ್ ಸಪ್ಲೈ ಒಂದು ಕೂತೇ ಬಂದಿತ್ತು, ಅದರ ಮೇಲೆ ದೊಡ್ಡದಾಗಿ 450 ವಾಟ್ ಎಂದು ಅಚ್ಚಾಗಿತ್ತು. ಏಳು ತಿಂಗಳು ನಡೆಯಿತು. ಆಮೇಲೆ ಒಂದು ಸಂಜೆ ಸುಟ್ಟ ವಾಸನೆ ಬಂತು.

ಆ ವಾಸನೆಯನ್ನು ನಾನು ಒಂಬತ್ತು ದಿನ ಮುಚ್ಚಿಟ್ಟೆ. ಉಳಿತಾಯ ಮಾಡಿದೆನೆಂದು ಮನೆಯಲ್ಲೆಲ್ಲ ಹೇಳಿಕೊಂಡಿದ್ದವಳು ನಾನು, ಈಗ ಯಾವ ಬಾಯಲ್ಲಿ ಹೇಳಲಿ ಎಂಬ ಸಂಕೋಚ. ಯಾರಾದರೂ ಕೋಣೆಯ ಕಡೆ ಬರುವ ಸದ್ದಾದರೆ ಕಿಟಕಿ ತೆರೆದಿಡುತ್ತಿದ್ದೆ. ನಿನ್ನ ಅಪ್ಪ ಒಮ್ಮೆ ಬಾಗಿಲಲ್ಲಿ ನಿಂತು "ಅಕ್ಕಾ, ಏನೋ ಸುಟ್ಟ ಹಾಗಿದೆ" ಎಂದಾಗ, ಹೊರಗಿನಿಂದ ಬರುತ್ತಿರಬೇಕು ಎಂದೆ. ಹತ್ತನೆಯ ದಿನ ಆ ಪವರ್ ಸಪ್ಲೈ ಕೆಟ್ಟುಹೋಯಿತು, ಹೋಗುವಾಗ ಬೋರ್ಡನ್ನೂ ಹಾರ್ಡ್ ಡಿಸ್ಕನ್ನೂ ಜೊತೆಗೇ ಕೊಂಡೊಯ್ದಿತು. ಆ ಡಿಸ್ಕಿನಲ್ಲಿ ಏನಿತ್ತೆಂಬುದು ನಿನ್ನ ಅಪ್ಪನಿಗೆ ಗೊತ್ತು. ಅವನು ಅಂದಿನಿಂದ ಇಂದಿನವರೆಗೆ ಅದರ ಬಗ್ಗೆ ಒಂದು ಮಾತೂ ಆಡಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ರಿಪೇರಿಯವರು ಆ ಪವರ್ ಸಪ್ಲೈಯನ್ನು ಬಿಚ್ಚಿ ತೋರಿಸಿದಾಗ ಒಳಗೆ ವಿದ್ಯುತ್ತು ಹಿಡಿದಿಡುವ ಕೆಪಾಸಿಟರುಗಳ ತಲೆ ಉಬ್ಬಿ ಒಡೆದಿದ್ದವು. ಅದರ ಪಕ್ಕದ ಸಣ್ಣ ಲೇಬಲ್ಲನ್ನು ನಾನು ಓದಿದ್ದು ಅಂದೇ ಮೊದಲು. 12 ವೋಲ್ಟಿಗೆ ಕೊಡುವುದು 15 ಆಂಪಿಯರ್ ಎಂದಿತ್ತು. ಗುಣಿಸಿದರೆ 180 ವಾಟ್. ಪ್ರೊಸೆಸರೂ ಗ್ರಾಫಿಕ್ಸ್ ಕಾರ್ಡೂ ಮುಖ್ಯವಾಗಿ ಆ 12 ವೋಲ್ಟಿನ ಮೇಲೆಯೇ ನಡೆಯುತ್ತವೆ, ಆದ್ದರಿಂದ ದಪ್ಪ ಅಕ್ಷರದ ಅಂಕಿಗಿಂತ ಈ ಸಣ್ಣ ಅಕ್ಷರದ ಲೆಕ್ಕವೇ ನಿಜವಾದ ಲೆಕ್ಕ. 80 ಪ್ಲಸ್ ಎಂಬ ಮುದ್ರೆ ಇದ್ದರೆ ಒಳ್ಳೆಯದೇ, ಆದರೆ ಅದು ಹೇಳುವುದು ಒಳಗೆ ಹೋದ ವಿದ್ಯುತ್ತಿನಲ್ಲಿ ಎಷ್ಟು ಭಾಗ ಉಪಯೋಗಕ್ಕೆ ಬರುತ್ತದೆ ಎಂಬುದನ್ನು ಮಾತ್ರ. ಹೊರೆ ಹೆಚ್ಚಾದಾಗ ತಾನಾಗಿ ಆರಿ ಉಳಿದ ಭಾಗಗಳನ್ನು ಕಾಪಾಡುವ ಏರ್ಪಾಡು ಇದೆಯೇ ಎಂಬುದನ್ನು ಬೇರೆಯಾಗಿಯೇ ವಿಚಾರಿಸಬೇಕು.

ನಾನು ಈ ವಿಷಯದಲ್ಲಿ ಪಂಡಿತಳಲ್ಲ, ನಿನಗೆ ನನಗಿಂತ ಹೆಚ್ಚು ತಿಳಿದಿರಬಹುದು. ಆದರೂ ಪಟ್ಟಿಯಲ್ಲಿ ಇನ್ನೊಂದು ಕಡೆ ನನ್ನ ಕಣ್ಣು ನಿಂತಿತು. ನೀನು ಬರೆದುಕೊಂಡ ಇಂಟೆಲ್ ಪ್ರೊಸೆಸರಿನ ಹೆಸರು ಎಫ್ ಅಕ್ಷರದಿಂದ ಮುಗಿಯುತ್ತದೆ, ಗ್ರಾಫಿಕ್ಸ್ ಕಾರ್ಡನ್ನು ಮಾತ್ರ ಮುಂದಿನ ವರ್ಷಕ್ಕೆ ಬಿಟ್ಟಿದ್ದೀಯೆ. ಎಫ್ ಇರುವ ಪ್ರೊಸೆಸರಿನಿಂದ ಪರದೆಗೆ ಚಿತ್ರ ಬರುವುದಿಲ್ಲ, ಅದಕ್ಕೆ ಕಾರ್ಡು ಬೇಕೇ ಬೇಕು. ನೀನು ಎಲ್ಲವನ್ನೂ ಸರಿಯಾಗಿ ಜೋಡಿಸಿ ಸ್ವಿಚ್ ಒತ್ತುತ್ತೀಯೆ, ಫ್ಯಾನ್ ತಿರುಗುತ್ತದೆ, ಪರದೆ ಕಪ್ಪಾಗಿಯೇ ಇರುತ್ತದೆ. ಆಗ ಏನೋ ಸುಟ್ಟುಹೋಯಿತೆಂದು ಭಾವಿಸಿ ನೀನೂ ಕೋಣೆಯ ಬಾಗಿಲು ಹಾಕಿಕೊಂಡು ಕೂರುವುದನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ಮೆಮೊರಿಯ ವಿಷಯದಲ್ಲಿ ಇಷ್ಟೇ: ಡಿಡಿಆರ್ 4, ಡಿಡಿಆರ್ 5 ಎಂಬ ಎರಡು ಬಗೆಗಳಿಗೂ 288 ಪಿನ್ನುಗಳೇ ಆದರೂ ನಡುವಿನ ಕಚ್ಚು ಬೇರೆ ಬೇರೆ ಜಾಗದಲ್ಲಿರುತ್ತದೆ, ಒಂದರ ಜಾಗದಲ್ಲಿ ಇನ್ನೊಂದು ಕೂರದು. ಬೋರ್ಡಿನ ಪೂರ್ತಿ ಹೆಸರನ್ನು ಅಕ್ಷರ ಬಿಡದೆ ನೋಡು, ಒಂದೇ ಪ್ರೊಸೆಸರಿಗೆ ಎರಡೂ ಬಗೆಯ ಬೋರ್ಡುಗಳು ಸಿಗುವುದುಂಟು.

ಬೆಲೆ ಇಳಿದಾಗ ಒಂದೊಂದೇ ಭಾಗ ಕೊಂಡು ಆರು ತಿಂಗಳಲ್ಲಿ ಜೋಡಿಸುತ್ತೇನೆ ಎಂದಿದ್ದೀಯೆ. ನಿನ್ನ ಭಯವನ್ನು ಹೆಚ್ಚಿಸುವ ದಾರಿ ಇದೇ ಎಂದು ನನಗೆ ತೋರುತ್ತದೆ. ಮೊದಲ ತಿಂಗಳು ಕೊಂಡ ಬೋರ್ಡು ಕೆಟ್ಟದ್ದೆಂದು ತಿಳಿಯಲು ಕೊನೆಯ ಭಾಗ ಬರಬೇಕು, ಅಷ್ಟರಲ್ಲಿ ಅದನ್ನು ಹಿಂದಿರುಗಿಸುವ ಗಡುವು ಮುಗಿದಿರುತ್ತದೆ. ಹಣವನ್ನು ಕೂಡಿಡು, ಭಾಗಗಳನ್ನು ಕೂಡಿಡಬೇಡ. ಪ್ರೊಸೆಸರ್, ಬೋರ್ಡ್, ಮೆಮೊರಿ ಈ ಮೂರನ್ನಾದರೂ ಒಬ್ಬನೇ ಮಾರಾಟಗಾರನಲ್ಲಿ ಒಂದೇ ಸಲ ಕೊಂಡರೆ, ತೊಂದರೆಯಾದಾಗ ಅದು ಅವರ ತಪ್ಪು, ಇದು ಇವರ ತಪ್ಪು ಎಂಬ ಅಲೆದಾಟ ಇರುವುದಿಲ್ಲ. ಅವನ ಬೆಲೆ ಸ್ವಲ್ಪ ಹೆಚ್ಚಿದ್ದರೂ, ಹಿಂದಿರುಗಿಸುವ ನಿಯಮವನ್ನು ಬರವಣಿಗೆಯಲ್ಲಿ ಕೊಡುವವನನ್ನೇ ಆರಿಸು. ಆ ಬೋರ್ಡಿನ ಬಯಾಸ್, ಎಂದರೆ ಕಂಪ್ಯೂಟರನ್ನು ಎಬ್ಬಿಸುವ ಅದರೊಳಗಿನ ತಂತ್ರಾಂಶ, ನಿನ್ನ ಪ್ರೊಸೆಸರನ್ನು ಗುರುತಿಸುವಷ್ಟು ಹೊಸದೇ ಎಂದು ಹಣ ಕೊಡುವ ಮೊದಲೇ ಅವನನ್ನು ಕೇಳು. ಕೇಳುವುದಕ್ಕೆ ನಾಚಬೇಡ. ನಾನು ನಾಚಿದೆ.

ಸಲಹೆ ಕೊಡುವ ಅಧಿಕಾರ ನನಗೆಷ್ಟಿದೆಯೋ ತಿಳಿಯದು, ಅಂದು ಆ ಒಂಬತ್ತು ದಿನಗಳಲ್ಲಿ ಒಂದು ದಿನ ಬಾಯಿ ಬಿಟ್ಟಿದ್ದರೂ ಡಿಸ್ಕನ್ನು ಬಿಚ್ಚಿ ಉಳಿಸಿಕೊಳ್ಳಬಹುದಿತ್ತು. ಪವರ್ ಸಪ್ಲೈ ಪ್ರತ್ಯೇಕವಾಗಿ ಕೊಳ್ಳಲು ಬೇಕಾದ ಹಣವನ್ನು ನಾನು ಕಳುಹಿಸುತ್ತೇನೆ, ಬೇಡ ಎನ್ನಬೇಡ. ಯಾವುದನ್ನು ಆರಿಸಿದರೂ ಅದರ ಪಕ್ಕದ ಲೇಬಲ್ಲಿನ ಚಿತ್ರವನ್ನು ಕೊಳ್ಳುವ ಮೊದಲು ನನಗೆ ಕಳುಹಿಸು, ಇಬ್ಬರೂ ಕೂತು ಆ ಗುಣಾಕಾರ ಮಾಡೋಣ.

ಇತಿ,
ನಿನ್ನ ಅತ್ತೆ