ಭಾನುವಾರ ಬೇಟೆಯಿಲ್ಲದ ಕಾಲದ ಡೀರ್ ಕ್ಯಾಂಪ್

ಪ್ರೀತಿಯ ಗೆಳೆಯಾ,

ನಿಮ್ಮ ಅಜ್ಜನ ಷಿಕಾರಿ ಕಥೆ ಓದಿದೆ ಮಾರಾಯ. ಹಳು ಸೋವುವವರ (ಪೊದೆ ಬಡಿದು ಪ್ರಾಣಿ ಎಬ್ಬಿಸುವವರ) ಕೂಗು, ಬಿಲ್ಲಿಗೆ, ಅಂದರೆ ಕೋವಿ ಹಿಡಿದು ಕಾಯುವ ಜಾಗಕ್ಕೆ, ನಿಂತವರ ಕಾಲು ಜೋಮು ಹಿಡಿದದ್ದು, ಚೆನ್ನಾಗಿ ಬರೆದಿದ್ದೀಯ. ನನಗೂ ಒಂದು ಹೇಳುವುದಿದೆ.

ತೊಂಬತ್ತರ ದಶಕದಲ್ಲಿ ನಮ್ಮ ಫ್ಯಾಕ್ಟರಿಯ ಹಿರಿಯರೊಬ್ಬರು ನನ್ನನ್ನು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಪಾಟರ್ ಕೌಂಟಿಗೆ ಕರೆದುಕೊಂಡು ಹೋಗುತ್ತಿದ್ದರು. ಕಾಡಿನ ನಡುವೆ ಅವರ ಡೀರ್ ಕ್ಯಾಂಪ್, ಅಂದರೆ ಒಂದು ಹಳೆಯ ಹಲಗೆ ಮನೆ. ನನಗೆ ಲೈಸೆನ್ಸೂ ಇಲ್ಲ, ಕೋವಿಯೂ ಇಲ್ಲ. ಸೌದೆ ಒಡೆಯುವುದು, ಪಾತ್ರೆ ತೊಳೆಯುವುದು ನನ್ನ ಪಾಲು.

ಆಗ ಕೋವಿಯ ಜಿಂಕೆ ಬೇಟೆ ಶುರುವಾಗುತ್ತಿದ್ದುದು ಥ್ಯಾಂಕ್ಸ್‌ಗಿವಿಂಗ್, ಅಂದರೆ ನವೆಂಬರ್ ಕೊನೆಯ ಗುರುವಾರಗಳಲ್ಲಿ ಬರುವ ಅಲ್ಲಿನ ಹಬ್ಬ, ಆದ ಮೇಲಿನ ಸೋಮವಾರ. 1963ರಿಂದ ಹಾಗೇ. ಎಷ್ಟೋ ಊರುಗಳಲ್ಲಿ ಅವತ್ತು ಶಾಲೆಗೂ ರಜೆ. ಗುರುವಾರ ಹಬ್ಬದೂಟ ಮುಗಿಸಿ, ಶನಿವಾರದೊಳಗೆ ಎಲ್ಲರೂ ಬಂದು ಸೇರುತ್ತಿದ್ದರು. ಭಾನುವಾರ ಜಿಂಕೆ ಹೊಡೆಯುವಂತಿರಲಿಲ್ಲ. ಹಾಗಾಗಿ ಇಡೀ ದಿನ ಸುಮ್ನೆ ಕೂರುವುದು. ಇಸ್ಪೀಟು, ಕಾಫಿ, ಬಾಯಿಗೆ ಬಂದ ಸುಳ್ಳು. ಕಬ್ಬಿಣದ ಒಲೆಯ ಮೇಲೆ ಹಗ್ಗ ಕಟ್ಟಿ ಒದ್ದೆ ಕಾಲುಚೀಲ ಒಣಹಾಕುತ್ತಿದ್ದರು. ಆ ವಾಸನೆಗೆ ಬೇಕನ್ ಹೊಗೆ, ಕೋವಿಯ ಎಣ್ಣೆ ಬೇರೆ. ರಾತ್ರಿ ಮಂಚದಡಿ ಇಲಿಗಳ ಓಡಾಟ.

ಗೋಡೆ ತುಂಬ ಅಂಗಿಯ ತುಂಡುಗಳು. ಗುರಿ ತಪ್ಪಿದವನ ಅಂಗಿಯ ಹಿಂದಿನ ಅಂಚು ಕತ್ತರಿಸಿ, ಹೆಸರು, ಇಸವಿ ಬರೆದು ಮೊಳೆ ಹೊಡೆಯುವುದು ಅಲ್ಲಿನ ಪದ್ಧತಿ. ಹೆಚ್ಚಿನವು ಕೆಂಪು-ಕಪ್ಪು ಚೌಕಳಿಯ ಉಣ್ಣೆ ಬಟ್ಟೆ. ಒಂದರ ಮೇಲೆ 'ಮೂವತ್ತು ಗಜ, ನಿಂತೇ ಇತ್ತು' ಅಂತ ಬರೆದಿತ್ತು. ಪಾಪ, ಆ ಮನುಷ್ಯ ಪ್ರತಿ ವರ್ಷ ಅದರ ಕೆಳಗೇ ಕೂತು ಊಟ ಮಾಡಬೇಕು!

ಮಧ್ಯಾಹ್ನ ಜಿಂಕೆಗಳು ಮಲಗಿದ ಮೇಲೆ ಅಲ್ಲೂ ಹಳು ಸೋವುತ್ತಾರೆ. ಅರ್ಧ ಜನ ಬಿಲ್ಲಿಗೆ, ಅರ್ಧ ಜನ ಪೊದೆಗೆ. ಆದರೆ ನಾಯಿ ಬಿಡುವಂತಿಲ್ಲ, ಕಾನೂನು. ನಿಮ್ಮ ಅಜ್ಜ ಇದನ್ನು ಬೇಟೆ ಅಂತ ಒಪ್ಪುತ್ತಿದ್ದರೋ ಇಲ್ಲವೋ.

ಆ ಹಿರಿಯರ ಅಜ್ಜನ ಕಾಲಕ್ಕೆ ಅಲ್ಲಿ ಜಿಂಕೆಯೇ ಅಪರೂಪವಾಗಿತ್ತಂತೆ. ಕಾಡು ಕಡಿದರು, ಮಾಂಸ ಮಾರಿದರು, ಮುಗಿಯಿತು. 1906ರಲ್ಲಿ ಮಿಶಿಗನ್‌ನಿಂದ ಜಿಂಕೆ ತರಿಸಿ ಬಿಟ್ಟರು. ಮರುವರ್ಷ ಕೊಂಬಿನ ಗಂಡು ಬಿಟ್ಟು ಬೇರೇನೂ ಹೊಡೆಯಬಾರದೆಂದು ಕಾನೂನು ಬಂತು. ಅದು ಎಷ್ಟು ಫಲಿಸಿತೆಂದರೆ, ಇಪ್ಪತ್ತರ ದಶಕದಲ್ಲಿ ಜಿಂಕೆಗಳು ಜಾಸ್ತಿಯಾಗಿ ಕಾಡಿನ ಸಸಿಗಳನ್ನೇ ತಿಂದು ತೇಗಿದವು.

2019ರಲ್ಲಿ ಬೇಟೆಯ ಮೊದಲ ದಿನವನ್ನು ಆ ಸೋಮವಾರದಿಂದ ಅದರ ಹಿಂದಿನ ಶನಿವಾರಕ್ಕೆ ತಂದರು. ಮರುವರ್ಷದಿಂದ ಕೆಲವು ಭಾನುವಾರಗಳೂ ಬೇಟೆಗೆ ಸಿಕ್ಕವು. ನೌಕರಿಯವರಿಗೆ, ಓದುವ ಹುಡುಗರಿಗೆ ಅನುಕೂಲ, ಅದು ಸರಿಯೇ. ಆದರೆ ಈಗ ಶುಕ್ರವಾರ ರಾತ್ರಿ ಬಂದು ಮಲಗುತ್ತಾರೆ, ಬೆಳಗಾಗೆದ್ದು ಹೊಡೆಯುತ್ತಾರೆ, ಭಾನುವಾರ ಸಂಜೆ ವಾಪಸ್. ಇಸ್ಪೀಟಿನ ಕಟ್ಟು ಬಿಚ್ಚುವುದೇ ಇಲ್ಲ. ನನ್ನ ಕೇಳಿದರೆ, ಬೇಟೆ ಉಳಿಯಿತು, ಕ್ಯಾಂಪ್ ಹೋಯಿತು.

ನನ್ನನ್ನು ಕರೆದೊಯ್ಯುತ್ತಿದ್ದ ಹಿರಿಯರ ಮಗ ಮಾತ್ರ ಹಠ ಬಿಟ್ಟಿಲ್ಲ. ಹಳೆಯ ಎರಡು ಖಾಲಿ ದಿನ ಬೇಕೇ ಬೇಕೆಂದು ಈಗ ಬುಧವಾರವೇ ಕ್ಯಾಂಪಿಗೆ ಹೊರಡುತ್ತಾನೆ, ಹಬ್ಬದೂಟಕ್ಕೂ ಕಾಯದೆ. ಹೆಂಡತಿ ವಾರಗಟ್ಟಲೆ ಮಾತು ಬಿಡುತ್ತಾಳಂತೆ.

ಇಂತಿ ನಿನ್ನ
ಗೆಳೆಯ